ಕಾರಿನ ಕಿಟಕಿಯ ಗಡಗಡ ಸದ್ದು: ಮೂಲ ಹುಡುಕುವುದು ಹೇಗೆ? ಪವರ್ ವಿಂಡೋ ಒಳಗುಟ್ಟೇನು?

ಕಾರು ಹಳತಾಗುತ್ತಿದೆ ಎಂಬ ಸಂಗತಿಯನ್ನು ಎಂಜಿನ್‌ಗಿಂತ ಮೊದಲು ಬಾಗಿಲುಗಳೇ ಸಾರುತ್ತವೆ. ಕೊಂಡ ಹೊಸತರಲ್ಲಿ ಸದ್ದಿಲ್ಲದೆ ಏರಿಳಿಯುತ್ತಿದ್ದ ಕಿಟಕಿಯ ಗಾಜು ಕೆಲವು ವರ್ಷಗಳ ಬಳಿಕ ರಸ್ತೆಯುಬ್ಬು ದಾಟುವಾಗ ಲೊಟಲೊಟ ಎನ್ನತೊಡಗುತ್ತದೆ. ಅರ್ಧ ಇಳಿಸಿದರೆ ಗಡಗಡ ನಡುಗುತ್ತದೆ. ಮಳೆಗಾಲ ಮುಗಿದು ಧೂಳಿನ ದಿನಗಳು ಬಂದವೆಂದರೆ ಕಿರ್ರೆಂದು ಕೂಗುತ್ತದೆ. ಹಾಡಿನ ಧ್ವನಿ ಹೆಚ್ಚಿಸಿ ಸುಮ್ಮನಾಗುವ ಮಾಲೀಕರು ಕೆಲವರು. ಗ್ಯಾರೇಜಿಗೆ ಹೋಗಿ ‘ವಿಂಡೋ ಮೆಷಿನ್ ಹೋಗಿದೆ’ ಎಂಬ ತೀರ್ಪು ಪಡೆದು, ಇಡೀ ಯಂತ್ರವನ್ನೇ ಬದಲಿಸಿ, ಮರುವಾರ ಅದೇ ಸದ್ದನ್ನು ಕೇಳುತ್ತ ಕಚೇರಿಗೆ ಹೋಗುವವರು ಇನ್ನು ಕೆಲವರು.

ಎರಡೂ ದಾರಿ ದುಬಾರಿಯವೇ. ಸದ್ದನ್ನು ಕಡೆಗಣಿಸಿದರೆ ಒಂದು ದಿನ ಗಾಜು ಹಿಡಿತ ತಪ್ಪಿ ಬಾಗಿಲಿನ ಒಡಲೊಳಗೆ ಕುಸಿಯುತ್ತದೆ. ಅದು ಜೋರುಮಳೆಯ ಸಂಜೆಯಲ್ಲೋ, ಪರಸ್ಥಳದಲ್ಲಿ ಕಾರನ್ನು ಬೀದಿಬದಿ ನಿಲ್ಲಿಸಬೇಕಾದ ರಾತ್ರಿಯಲ್ಲೋ ಆಗುವುದು ಕಾರುಗಳ ಜಾಯಮಾನ. ಅವಸರಪಟ್ಟು ಯಂತ್ರ ಬದಲಿಸಿದರೆ, ಒಂದು ರಬ್ಬರ್ ಪಟ್ಟಿಯಲ್ಲೋ ಒಂದು ಬೋಲ್ಟ್ ಬಿಗಿಯುವುದರಲ್ಲೋ ಮುಗಿಯಬೇಕಾದ ಕೆಲಸ ಸಾವಿರಾರು ರೂಪಾಯಿಗೆ ಏರುತ್ತದೆ. ಕಾರು ಓಡುವಾಗ ಬರುವ ಸದ್ದಿಗೂ, ಗುಂಡಿ ಒತ್ತಿದಾಗ ಬರುವ ಸದ್ದಿಗೂ ಸಾಮಾನ್ಯವಾಗಿ ಮೂಲ ಬೇರೆ ಬೇರೆ. ಇವೆರಡನ್ನು ಬೇರ್ಪಡಿಸಿ ಕೇಳಿಸಿಕೊಂಡರೆ ಬಾಗಿಲು ಬಿಚ್ಚುವ ಮೊದಲೇ ಅರ್ಧ ರೋಗನಿದಾನ ಮುಗಿದಂತೆ.

ಬಾಗಿಲಿನ ಒಡಲಲ್ಲಿ

ಹೊರಗಿನಿಂದ ಒಂದೇ ಹಲಗೆಯಂತೆ ಕಾಣುವ ಕಾರಿನ ಬಾಗಿಲು ನಿಜದಲ್ಲಿ ಒಂದು ಪೊಳ್ಳು ಪೆಟ್ಟಿಗೆ. ಹೊರಗೆ ಬಣ್ಣ ಬಳಿದ ತಗಡು, ಅದರ ಹಿಂದೆ ಉಕ್ಕಿನ ಚೌಕಟ್ಟು, ಪ್ರಯಾಣಿಕರ ಕಡೆಗೆ ಪ್ಲಾಸ್ಟಿಕ್ ಹೊದಿಕೆ. ಈ ಹೊದಿಕೆಗೆ ಗ್ಯಾರೇಜುಗಳಲ್ಲಿ ‘ಡೋರ್ ಪ್ಯಾಡ್’ ಎನ್ನುವುದು ವಾಡಿಕೆ. ಕಿಟಕಿ ತೆರೆದಾಗ ಗಾಜು ಇಳಿದು ನಿಲ್ಲುವುದು ಈ ಪೊಳ್ಳಿನಲ್ಲೇ. ಅದನ್ನು ಎತ್ತಿ ಇಳಿಸುವ ಯಂತ್ರ, ಮೋಟಾರು, ಬೀಗದ ಸರಳುಗಳು, ಸ್ಪೀಕರ್, ತಂತಿಗಳ ಕಟ್ಟು ಎಲ್ಲವೂ ಅದೇ ಇಕ್ಕಟ್ಟಿನಲ್ಲಿ ಒಂದರ ಪಕ್ಕ ಒಂದು ಇರಬೇಕು. ಸದ್ದು ಹುಟ್ಟುವುದಕ್ಕೆ ಇದಕ್ಕಿಂತ ಪ್ರಶಸ್ತ ಸ್ಥಳ ಕಾರಿನಲ್ಲಿ ಇನ್ನೊಂದಿಲ್ಲ.

ಪಕ್ಕದ ಕಿಟಕಿಯ ಗಾಜು ಸಾಧಾರಣವಾಗಿ 3ರಿಂದ 5 ಮಿಲಿಮೀಟರ್ ದಪ್ಪವಿರುತ್ತದೆ. ಕೆಲವು ಕಿಲೋ ತೂಗುವ ಈ ಫಲಕ ಅಲುಗಾಡದೆ ನಿಲ್ಲಬೇಕಾದರೆ ಅದಕ್ಕೆ ಎಲ್ಲ ಕಡೆಯಿಂದಲೂ ಆಸರೆ ಬೇಕು. ಎಡಬಲಗಳಲ್ಲಿ ರಬ್ಬರಿನ ಕಾಲುವೆಗಳಿವೆ. ಗಾಜಿನ ಅಂಚು ಇವುಗಳೊಳಗೆ ಜಾರುತ್ತದೆ. ಇವೇ ‘ಚಾನಲ್ ರಬ್ಬರ್’. ಬಾಗಿಲಿನ ತಗಡು ಮುಗಿದು ಗಾಜು ಹೊರಬರುವ ಸೊಂಟದ ಮಟ್ಟದಲ್ಲಿ ಒಳಗೊಂದು ಹೊರಗೊಂದು ‘ಬೀಡಿಂಗ್’ ಪಟ್ಟಿಗಳಿದ್ದು, ಏರಿಳಿಯುವ ಗಾಜನ್ನು ಎರಡು ಬದಿಯಿಂದಲೂ ಒರೆಸುತ್ತ ಹಿಡಿದಿರುತ್ತವೆ. ತಳದಲ್ಲಿ ಯಂತ್ರದ ಹಿಡಿಕೆಗೆ ಬೋಲ್ಟ್‌ನಿಂದಲೋ ಪ್ಲಾಸ್ಟಿಕ್ ಕ್ಲಿಪ್‌ನಿಂದಲೋ ಗಾಜನ್ನು ಬಿಗಿದಿರುತ್ತಾರೆ. ಪೂರ್ತಿ ಮುಚ್ಚಿದಾಗ ಮೇಲಿನ ಚೌಕಟ್ಟಿನ ರಬ್ಬರ್ ಕೂಡ ಗಾಜನ್ನು ಕಚ್ಚಿಕೊಳ್ಳುತ್ತದೆ. ಮುಚ್ಚಿದ ಕಿಟಕಿ ಮೌನವಾಗಿರುವುದು ಈ ನಾಲ್ಕನೆಯ ಆಸರೆಯಿಂದ. ಅರ್ಧ ತೆರೆದ ಕಿಟಕಿಗೆ ಆ ಭಾಗ್ಯವಿಲ್ಲ.

ಗಾಜನ್ನು ಎತ್ತುವ ಯಂತ್ರದಲ್ಲಿ ಎರಡು ಮುಖ್ಯ ಬಗೆಗಳುಂಟು. ಕತ್ತರಿಯಂತೆ ಅಡ್ಡಡ್ಡ ಜೋಡಿಸಿದ ಉಕ್ಕಿನ ತೋಳುಗಳು ಹಲ್ಲುಚಕ್ರದ ಬಲದಿಂದ ತೆರೆದು ಮಡಿಯುವುದು ಒಂದು ಬಗೆ. ಇದು ಭಾರವಾದರೂ ಗಟ್ಟಿಮುಟ್ಟು. ಇನ್ನೊಂದು ಕೇಬಲ್ ಬಗೆ. ಲಂಬವಾದ ಲೋಹದ ಹಳಿಯ ಮೇಲೆ ಒಂದು ಜಾರುಪಟ್ಟಿ, ಅದನ್ನು ಮೇಲಕ್ಕೂ ಕೆಳಕ್ಕೂ ಎಳೆಯುವ ಸಣ್ಣ ಉಕ್ಕಿನ ಹಗ್ಗ, ಹಗ್ಗ ಸುತ್ತಿಕೊಳ್ಳಲು ಪ್ಲಾಸ್ಟಿಕ್ ಉರುಳೆ. ಬಾವಿಯ ರಾಟೆಯ ತತ್ತ್ವವೇ ಇಲ್ಲಿಯದೂ. ಹಗುರ ಮತ್ತು ಅಗ್ಗವಾದ್ದರಿಂದ ಈಗಿನ ಸಣ್ಣ ಕಾರುಗಳಲ್ಲಿ ಇದರದೇ ಮೇಲುಗೈ. ಆದರೆ ಸವೆಯುವ ಪ್ಲಾಸ್ಟಿಕ್ ಭಾಗಗಳು ಹೆಚ್ಚಿರುವುದೂ ಇದರಲ್ಲೇ.

ಇವೆರಡಕ್ಕೂ ಶಕ್ತಿ ನೀಡುವುದು 12 ವೋಲ್ಟ್‌ನ ಪುಟ್ಟ ಡಿ.ಸಿ. ಮೋಟಾರು. ಇದರ ದಂಡದ ತುದಿಯಲ್ಲಿ ತಿರುಪಿನಾಕಾರದ ‘ವರ್ಮ್ ಗಿಯರ್’ ಇದ್ದು, ಅದು ಹಲ್ಲಿನ ಚಕ್ರವೊಂದನ್ನು ನಿಧಾನವಾಗಿ ತಿರುಗಿಸುತ್ತದೆ. ತಿರುಪು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ತಿರುಪನ್ನು ತಿರುಗಿಸಲಾರದು. ಆದುದರಿಂದಲೇ ಗಾಜನ್ನು ಹೊರಗಿನಿಂದ ಎಷ್ಟು ಒತ್ತಿದರೂ ಅದು ಇಳಿಯದೆ ನಿಂತಲ್ಲೇ ನಿಲ್ಲುತ್ತದೆ. ಕೈಯಿಂದ ಅದುಮಿದರೆ ಗಾಜು ಸಲೀಸಾಗಿ ಇಳಿಯುತ್ತಿದೆಯೆಂದಾದರೆ ಕೇಬಲ್, ಕ್ಲಿಪ್ ಅಥವಾ ಗಿಯರ್ ಮುರಿದಿದೆ ಎಂದೇ ಅರ್ಥ. ವಿದ್ಯುತ್ತಿನ ದಿಕ್ಕನ್ನು ಅದಲುಬದಲು ಮಾಡಿದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಗುಂಡಿ ಮಾಡುವುದು ಇಷ್ಟನ್ನೇ.

ಈ ಸೌಕರ್ಯಕ್ಕೆ ವಯಸ್ಸಾಗಿದೆ. ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರಲ್ಲೇ ತನ್ನ ದುಬಾರಿ ಕಾರುಗಳಿಗೆ ಶಕ್ತಿಚಾಲಿತ ಕಿಟಕಿ ಅಳವಡಿಸಿತ್ತು. ಆಗ ಗಾಜನ್ನು ಎತ್ತುತ್ತಿದ್ದುದು ದ್ರವದ ಒತ್ತಡ. 1983ರ ಡಿಸೆಂಬರಿನಲ್ಲಿ ಭಾರತದ ರಸ್ತೆಗಿಳಿದ ಮಾರುತಿ 800ರ ಕಿಟಕಿಗೆ ಇದ್ದದ್ದು ಕೈಯಿಂದ ತಿರುಗಿಸುವ ಹಿಡಿ. ಮುಂದೆ ಸಣ್ಣ ಕಾರುಗಳಿಗೂ ಪವರ್ ವಿಂಡೋ ಬಂದಾಗ, ಎಷ್ಟೋ ಮಾದರಿಗಳಲ್ಲಿ ಮುಂದಿನ ಎರಡು ಬಾಗಿಲಿಗೆ ಮಾತ್ರ ಮೋಟಾರು, ಹಿಂದೆ ಕೂರುವವರಿಗೆ ಅದೇ ಹಿಡಿ ಎಂಬ ತಾರತಮ್ಯವೂ ಜೊತೆಗೆ ಬಂತು.

ಸದ್ದಿನ ಜಾಡು ಹಿಡಿದು

ಸದ್ದಿಗೆ ಕನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ. ವ್ಯಾಕರಣ ಅನುಕರಣಾವ್ಯಯ ಎಂದು ಕರೆಯುವ ಈ ಪದಗಳು ಗ್ಯಾರೇಜಿನಲ್ಲಿ ರೋಗಲಕ್ಷಣದ ಕೆಲಸ ಮಾಡುತ್ತವೆ. ‘ಏನೋ ಸೌಂಡ್ ಬರುತ್ತಿದೆ’ ಎಂದರೆ ಮೆಕ್ಯಾನಿಕ್‌ಗೆ ಏನೂ ತಿಳಿಯದು. ಗಡಗಡವೋ ಕಟಕಟವೋ, ಕಿರ್ರೋ ಟಕ್ಕೋ, ಗಾಜು ಎಲ್ಲಿದ್ದಾಗ, ಎಂಥ ರಸ್ತೆಯಲ್ಲಿ ಎಂದು ಹೇಳಿದರೆ ಆತ ನೇರವಾಗಿ ಜಾಗಕ್ಕೆ ಕೈ ಹಾಕಬಲ್ಲ.

ಮೊದಲು ಗಮನಿಸಬೇಕಾದುದು ಗಾಜಿನ ಸ್ಥಾನ. ಸದ್ದು ಬರುವ ರಸ್ತೆಯೊಂದನ್ನು ಆರಿಸಿಕೊಂಡು, ಒಮ್ಮೆ ಗಾಜು ಪೂರ್ತಿ ಮುಚ್ಚಿ, ಒಮ್ಮೆ ಅರ್ಧ ಇಳಿಸಿ, ಮತ್ತೊಮ್ಮೆ ಪೂರ್ತಿ ಇಳಿಸಿ ಅದೇ ವೇಗದಲ್ಲಿ ಸಾಗಬೇಕು. ಕಲ್ಲುಹಾಸಿನ ಗಲ್ಲಿ ಅಥವಾ ಸಾಲು ರಸ್ತೆಯುಬ್ಬುಗಳಿರುವ ಬಡಾವಣೆಯ ರಸ್ತೆ ಇದಕ್ಕೆ ಹೇಳಿಮಾಡಿಸಿದ್ದು. ನಮ್ಮ ಊರುಗಳಲ್ಲಿ ಅಂಥದ್ದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಚಾಲಕ ರಸ್ತೆಯ ಮೇಲೆ ಗಮನವಿಡಲಿ, ಕಿವಿಗೊಡುವ ಕೆಲಸವನ್ನು ಪಕ್ಕದಲ್ಲಿ ಕುಳಿತವರು ಮಾಡಲಿ.

ಅರ್ಧ ಇಳಿಸಿದಾಗ ಮಾತ್ರ ಗಡಗಡ ಸದ್ದು ಬಂದು, ಮುಚ್ಚಿದಾಗ ನಿಂತುಹೋದರೆ ತಪ್ಪು ಬಹುತೇಕ ರಬ್ಬರಿನದು. ವರ್ಷಗಟ್ಟಲೆ ಬಿಸಿಲಿಗೆ ಬೆಂದ ಚಾನಲ್ ರಬ್ಬರ್ ಗಟ್ಟಿಯಾಗುತ್ತದೆ, ಒಳಗಿನ ಮೃದುವಾದ ಲೇಪ ಸವೆದುಹೋಗುತ್ತದೆ. ಕಾಲುವೆ ಅಗಲವಾಗಿ ಗಾಜಿನ ಅಂಚು ಅದರೊಳಗೆ ಕುಣಿಯತೊಡಗುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಕಾರು ನಿಲ್ಲಿಸಿ, ಗಾಜನ್ನು ಅರ್ಧಕ್ಕೆ ಇಳಿಸಿ, ಎರಡು ಅಂಗೈಗಳ ನಡುವೆ ಹಿಡಿದು ಒಳಕ್ಕೂ ಹೊರಕ್ಕೂ ಮೆಲ್ಲನೆ ಅಲುಗಿಸಬೇಕು. ಒಂದಿಷ್ಟು ಸಡಿಲ ಎಲ್ಲ ಕಾರಿನಲ್ಲೂ ಇರುತ್ತದೆ. ಎದುರು ಬಾಗಿಲಿನ ಗಾಜನ್ನೂ ಹಾಗೆಯೇ ಅಲುಗಿಸಿ ಹೋಲಿಸಿದರೆ ಸಹಜವಾದ ಸಡಿಲ ಎಷ್ಟು, ರೋಗ ಎಷ್ಟು ಎಂಬುದು ಗೊತ್ತಾಗುತ್ತದೆ. ಹೊಸ ಕಾರುಗಳ ಮಾಲೀಕರು ಈ ಹೋಲಿಕೆಯನ್ನು ಮರೆತು ಸರ್ವಿಸ್ ಕೇಂದ್ರಕ್ಕೆ ಅಲೆಯುವುದುಂಟು. ಎಂಜಿನ್ ಸದ್ದು ಕಡಿಮೆಯಿರುವ ಇಂದಿನ ಕಾರುಗಳಲ್ಲಿ, ಅದರಲ್ಲೂ ವಿದ್ಯುತ್ ಕಾರುಗಳಲ್ಲಿ, ಹಿಂದೆ ಯಾರ ಕಿವಿಗೂ ಬೀಳದಿದ್ದ ಸಣ್ಣ ಕಂಪನವೂ ದೊಡ್ಡದಾಗಿ ಕೇಳುತ್ತದೆ.

ಒಳಕ್ಕೆ ಹೊರಕ್ಕೆ ಅಲುಗದ ಗಾಜು ಹಿಂದಕ್ಕೆ ಮುಂದಕ್ಕೆ ವಾಲಿದರೆ ಕಥೆ ಬೇರೆ. ಆಗ ತಳದ ಹಿಡಿಕೆಯ ಬೋಲ್ಟ್ ಸಡಿಲಗೊಂಡಿರಬಹುದು, ಎರಡು ಕ್ಲಿಪ್‌ಗಳಲ್ಲಿ ಒಂದು ಮುರಿದಿರಬಹುದು, ಇಲ್ಲವೇ ಚಾನಲ್‌ಗೆ ಆಸರೆಯಾದ ಲೋಹದ ಪಟ್ಟಿ ಬಾಗಿಲಿನ ಒಳಗೆ ಕಳಚಿಕೊಂಡಿರಬಹುದು. ಇಂಥ ಗಾಜು ಮೇಲೇರುವಾಗ ಒಂದು ಮೂಲೆ ಮೊದಲು ಮುಟ್ಟುತ್ತದೆ, ಇನ್ನೊಂದು ಹಿಂದುಳಿಯುತ್ತದೆ. ಕಣ್ಣಿಗೆ ಕಾಣುವಷ್ಟು ಓರೆಯಾಗಿದ್ದರೆ ಆ ಕಿಟಕಿಯನ್ನು ಮತ್ತೆ ಮತ್ತೆ ಏರಿಳಿಸುವುದು ಒಳ್ಳೆಯದಲ್ಲ. ಓರೆಯಾದ ಗಾಜು ಕೇಬಲ್ಲಿನ ಮೇಲೆ ಎಳೆತ ಹೆಚ್ಚಿಸಿ ಉಳಿದ ಭಾಗಗಳನ್ನೂ ಮುರಿಯುತ್ತದೆ.

ಗಾಜು ಪೂರ್ತಿ ಮುಚ್ಚಿದ್ದರೂ ಸದ್ದು ನಿಲ್ಲದಿದ್ದರೆ ಗಾಜಿನ ಮೇಲಿನ ಅನುಮಾನವನ್ನು ಬಹುಮಟ್ಟಿಗೆ ಬಿಡಬಹುದು. ಡೋರ್ ಪ್ಯಾಡನ್ನು ಬಾಗಿಲಿಗೆ ಹಿಡಿದಿಡುವುದು ಹತ್ತಾರು ಪ್ಲಾಸ್ಟಿಕ್ ಕ್ಲಿಪ್‌ಗಳು. ಒಮ್ಮೆ ಬಿಚ್ಚಿ ಹಾಕುವಾಗ ಇವುಗಳಲ್ಲಿ ಎರಡೋ ಮೂರೋ ಮುರಿಯುವುದು, ಮುರಿದದ್ದನ್ನು ಯಾರೂ ಬದಲಿಸದಿರುವುದು ಮಾಮೂಲು. ಸ್ಪೀಕರ್ ಬದಲಿಸಿದ, ರಿಮೋಟ್ ಲಾಕ್ ಅಳವಡಿಸಿದ ಅಥವಾ ಅಪಘಾತದ ನಂತರ ಟಿಂಕರಿಂಗ್ ಮಾಡಿಸಿದ ಕಾರಿನಲ್ಲಿ ಸದ್ದು ಆರಂಭವಾಯಿತೆಂದರೆ ಮೊದಲು ನೋಡಬೇಕಾದುದು ಇದನ್ನೇ. ಓಡುತ್ತಿರುವ ಕಾರಿನಲ್ಲಿ ಪಕ್ಕದವರು ಪ್ಯಾಡನ್ನು ಅಂಗೈಯಿಂದ ಒಂದೊಂದು ಕಡೆ ಒತ್ತಿ ಹಿಡಿಯಲಿ. ಒತ್ತಿದೊಡನೆ ಸದ್ದು ನಿಂತರೆ ಸಡಿಲವಾದ ಕ್ಲಿಪ್ ಅಲ್ಲೇ ಆಸುಪಾಸಿನಲ್ಲಿದೆ. ಹಾಡಿನ ತಾಳಕ್ಕೆ ಸರಿಯಾಗಿ ಝರ್ರೆನ್ನುವ ಸದ್ದು ಸ್ಪೀಕರಿನದು. ಹೊರಗಿನ ಅಂಗಡಿಗಳಲ್ಲಿ ಹಾಕುವ ಸೆಂಟ್ರಲ್ ಲಾಕಿಂಗ್ ಕಿಟ್‌ನ ಉದ್ದ ಸರಳು ತಗಡಿಗೆ ತಾಗಿ ಕಟಕಟ ಎನ್ನುವುದೂ ಬಲು ಸಾಮಾನ್ಯ. ಸರಳಿಗೆ ಒಂದು ತುಂಡು ಸ್ಪಂಜು ಸುತ್ತಿದರೆ ಅದು ಬಾಯಿ ಮುಚ್ಚುತ್ತದೆ.

ಬಾಗಿಲನ್ನು ಧಡಾರನೆ ಹಾಕಿದಾಗ ಒಳಗೆ ಏನೋ ಉರುಳಿದಂತೆ ಕೇಳಿದರೆ ಅಲ್ಲಿ ನಿಜಕ್ಕೂ ಏನೋ ಬಿದ್ದಿದೆ. ಸೊಂಟದ ಬೀಡಿಂಗ್ ಸಡಿಲವಾದ ಕಾರುಗಳಲ್ಲಿ ನಾಣ್ಯ, ಪಾರ್ಕಿಂಗ್ ಚೀಟಿ, ಮಕ್ಕಳ ಪೆನ್ಸಿಲ್ ಬಾಗಿಲಿನ ಒಡಲು ಸೇರುತ್ತವೆ. ಹಿಂದೊಮ್ಮೆ ಗಾಜು ಒಡೆದು ಬದಲಿಸಿದ್ದರೆ ಹಳೆಯ ಗಾಜಿನ ಹರಳುಗಳು ತಳದಲ್ಲಿ ಉಳಿದು ಜಲ್ ಎನ್ನುತ್ತವೆ. ಗುಳುಗುಳು ಎಂಬ ನೀರಿನ ಸದ್ದನ್ನು ಮಾತ್ರ ಹಗುರವಾಗಿ ಎಣಿಸಬಾರದು. ಗಾಜಿನ ಮೇಲಿಂದ ಇಳಿದ ಮಳೆನೀರು ಸ್ವಲ್ಪ ಮಟ್ಟಿಗೆ ಬಾಗಿಲೊಳಗೆ ಹೋಗುವುದು ಸಹಜವೇ. ಅದು ಹರಿದುಹೋಗಲೆಂದು ತಳದ ಅಂಚಿನಲ್ಲಿ ರಂಧ್ರಗಳಿರುತ್ತವೆ. ಕೆಮ್ಮಣ್ಣಿನ ಧೂಳು ಕೆಸರಾಗಿ ಅವು ಮುಚ್ಚಿಹೋದರೆ ನೀರು ನಿಂತು ತಗಡಿಗೆ ತುಕ್ಕು ಹಿಡಿಯುತ್ತದೆ. ಕರಾವಳಿಯ ಕಾರುಗಳ ಬಾಗಿಲು ತಳದಿಂದ ಕೊರೆದುಹೋಗುವುದಕ್ಕೆ ಉಪ್ಪುಗಾಳಿಯ ಜೊತೆಗೆ ಈ ನಿಂತ ನೀರೂ ಕಾರಣ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಸಣ್ಣ ಕಡ್ಡಿಯಿಂದ ಈ ರಂಧ್ರಗಳನ್ನು ಬಿಡಿಸಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ವೇಗ ಹೆಚ್ಚಿದಾಗ ಮಾತ್ರ ಕೇಳುವ ಸುಯ್ಯೆಂಬ ಸದ್ದು ಗಾಳಿಯದು. ಮೇಲಂಚಿನ ರಬ್ಬರ್ ಮಡಿಸಿಕೊಂಡಿದ್ದರೆ ಅಥವಾ ಕಿಟಕಿಯ ಮೇಲೆ ಅಂಟಿಸಿದ ಮಳೆಚಪ್ಪರ, ಅಂದರೆ ‘ಡೋರ್ ವೈಸರ್’, ಒಂದು ತುದಿಯಲ್ಲಿ ಎದ್ದಿದ್ದರೆ ಇದು ಬರುತ್ತದೆ.

ಗುಂಡಿ ಒತ್ತಿದಾಗ

ಕಾರು ನಿಂತಿದ್ದು, ಗುಂಡಿ ಒತ್ತಿದಾಗಷ್ಟೇ ಬರುವ ಸದ್ದು ಯಂತ್ರದ ಕಡೆಗೆ ಬೊಟ್ಟು ಮಾಡುತ್ತದೆ. ಇಲ್ಲೂ ಆತುರ ಸಲ್ಲ. ಗಾಜು ನಿಧಾನವಾಗಿ, ಕಿರ್ರೆನ್ನುತ್ತ ಏರಿದರೆ ಒಣಗಿದ ಅಥವಾ ಧೂಳು ಮೆತ್ತಿದ ಚಾನಲ್ ರಬ್ಬರೇ ಮೊದಲ ಆರೋಪಿ. ಗಾಜಿಗೆ ಅಂಟಿಸಿದ ಫಿಲ್ಮ್‌ನ ಅಂಚು ಸುರುಳಿಯಾಗಿ ಬೀಡಿಂಗ್‌ಗೆ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ. ಎಂಜಿನ್ ಆರಿಸಿದ್ದಾಗ ಗಾಜು ನಿಧಾನ, ಚಾಲೂ ಇದ್ದಾಗ ಚುರುಕು ಎಂದಾದರೆ ಗಾಬರಿ ಬೇಡ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಸುಮಾರು 14 ವೋಲ್ಟ್ ಒದಗಿಸುತ್ತದೆ, ಆರಿಸಿದಾಗ ಬ್ಯಾಟರಿಯ 12 ವೋಲ್ಟೇ ಗತಿ.

ಕಟ್ ಕಟ್ ಕಟ್ ಎಂದು ಲಯಬದ್ಧವಾಗಿ ಹಲ್ಲು ಜಾರಿದಂಥ ಸದ್ದು ಬಂದರೆ ಕೇಬಲ್ಲಿನ ಎಳೆಗಳು ಬಿಚ್ಚಿ ಉರುಳೆಯಲ್ಲಿ ಸಿಕ್ಕಿಕೊಂಡಿವೆ ಅಥವಾ ಗಿಯರಿನ ಪ್ಲಾಸ್ಟಿಕ್ ಹಲ್ಲುಗಳು ಸವೆದಿವೆ. ಗಾಜು ಇನ್ನೂ ಏರುತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಯಂತ್ರದ ದಿನಗಳು ಮುಗಿಯುತ್ತ ಬಂದಿರುವುದರ ಸೂಚನೆ ಇದು. ಇಂಥ ಕಿಟಕಿಯನ್ನು ಮುಚ್ಚಿಟ್ಟು, ದುರಸ್ತಿಯಾಗುವ ತನಕ ಮುಟ್ಟದಿರುವುದು ಲೇಸು. ಮೋಟಾರು ಝುಂಯ್ ಎಂದು ತಿರುಗುತ್ತಿದ್ದರೂ ಗಾಜು ಮಿಸುಕದಿದ್ದರೆ ಕೇಬಲ್ ತುಂಡಾಗಿದೆ, ಇಲ್ಲವೇ ಗಾಜು ಕ್ಲಿಪ್‌ನಿಂದ ಕಳಚಿದೆ. ಕೊನೆಯದಾದರೆ ಮೋಟಾರೂ ಯಂತ್ರವೂ ಆರೋಗ್ಯವಾಗಿಯೇ ಇರುತ್ತವೆ. ಹಾಗಿದ್ದೂ ಇಡೀ ‘ಅಸೆಂಬ್ಲಿ’ ಬದಲಿಸಬೇಕೆಂಬ ಸಲಹೆ ಬಂದರೆ, ಡೋರ್ ಪ್ಯಾಡ್ ಬಿಚ್ಚಿ ಮುರಿದ ಭಾಗವನ್ನು ಕಣ್ಣಾರೆ ತೋರಿಸುವಂತೆ ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಕೆಲವು ಮಾದರಿಗಳಲ್ಲಿ ಕಂಪನಿ ಕ್ಲಿಪ್ಪನ್ನಾಗಲಿ ಕೇಬಲ್ಲನ್ನಾಗಲಿ ಬಿಡಿಯಾಗಿ ಮಾರುವುದಿಲ್ಲ ಎಂಬುದೂ ನಿಜ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ವಿಚಾರಿಸಿದರೆ ಇಂಥವು ದೊರೆಯುವ ಸಂಭವವುಂಟು.

ಯಾವ ಸದ್ದೂ ಇಲ್ಲದೆ ಕಿಟಕಿ ಸತ್ತಂತಿದ್ದರೆ ದೋಷ ವಿದ್ಯುತ್ತಿನ ದಾರಿಯಲ್ಲಿದೆ. ಚಾಲಕನ ಬಾಗಿಲಿನಲ್ಲಿರುವ ಕಿಟಕಿ ಲಾಕ್ ಗುಂಡಿ ಕೈತಪ್ಪಿ ಒತ್ತಿಹೋಗಿದೆಯೇ ಎಂದು ಮೊದಲು ನೋಡಬೇಕು. ಹಿಂದಿನ ಕಿಟಕಿಗಳು ಒಟ್ಟಿಗೆ ಮುಷ್ಕರ ಹೂಡಿದರೆ ಕಾರಣ ಅನೇಕ ವೇಳೆ ಇಷ್ಟೇ ಇರುತ್ತದೆ. ನಾಲ್ಕೂ ಕಿಟಕಿ ನಿಂತಿದ್ದರೆ ಫ್ಯೂಸ್ ಅಥವಾ ರಿಲೇ. ಫ್ಯೂಸ್ 20ರಿಂದ 30 ಆಂಪಿಯರ್ ಆಸುಪಾಸಿನದಿರುತ್ತದೆ, ಎಷ್ಟರದು ಎಂಬುದು ಮಾಲೀಕರ ಕೈಪಿಡಿಯಲ್ಲಿ ನಮೂದಾಗಿರುತ್ತದೆ. ಅದಕ್ಕಿಂತ ದೊಡ್ಡದನ್ನು ಹಾಕಿ ‘ಅಡ್ಜಸ್ಟ್’ ಮಾಡುವುದೆಂದರೆ ತಂತಿ ಸುಡಲು ಅನುಮತಿ ಕೊಟ್ಟಂತೆ. ಒಂದೇ ಕಿಟಕಿ ನಿಂತಿದ್ದರೆ, ಕತ್ತಲಲ್ಲಿ ಒಳಗಿನ ದೀಪ ಉರಿಸಿ ಗುಂಡಿ ಒತ್ತಿ ನೋಡಬೇಕು. ದೀಪ ಚೂರು ಮಂಕಾದರೆ ಮೋಟಾರಿಗೆ ವಿದ್ಯುತ್ ತಲುಪುತ್ತಿದೆ, ಅದು ಎಲ್ಲೋ ಸಿಕ್ಕಿಕೊಂಡಿದೆ. ಮಂಕಾಗದಿದ್ದರೆ ಗುಂಡಿಯದೋ ತಂತಿಯದೋ ತೊಂದರೆ. ಹಳೆಯ ವಿನ್ಯಾಸದ ಅನೇಕ ಕಾರುಗಳಲ್ಲಿ ಉಳಿದ ಮೂರು ಕಿಟಕಿಗಳ ವಿದ್ಯುತ್ತೂ ಚಾಲಕನ ಬಾಗಿಲಿನ ಗುಂಡಿಫಲಕದ ಮೂಲಕವೇ ಹಾದುಹೋಗುತ್ತದೆ. ಹೀಗಾಗಿ ಎಡ ಹಿಂಬದಿಯ ಕಿಟಕಿ ಕೆಟ್ಟರೆ ಬಲ ಮುಂಬದಿಯ ಬಾಗಿಲನ್ನು ಪರೀಕ್ಷಿಸಬೇಕಾದ ವಿಚಿತ್ರ ಸಂದರ್ಭ ಬರುತ್ತದೆ.

ಬಾಗಿಲನ್ನು ಅರ್ಧ ತೆರೆದಾಗ ಕೆಲಸ ಮಾಡುವ ಕಿಟಕಿ ಮುಚ್ಚಿದಾಗ ಮಾಡದಿದ್ದರೆ, ಕೀಲಿನ ಬಳಿ ಕಾಣುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯೊಳಗೆ ತಂತಿ ತುಂಡಾಗಿದೆ. ಸಾವಿರಾರು ಸಲ ಬಾಗಿ ನೆಟ್ಟಗಾದ ತಂತಿ ಅಲ್ಲೇ ಮುರಿಯುವುದು.

ಎಣ್ಣೆ ಹಾಕುವ ಮುನ್ನ

ಕಿರ್ರೆಂದದ್ದಕ್ಕೆಲ್ಲ ಎಣ್ಣೆ ಹಾಕುವುದು ಮನೆಮನೆಯ ರೂಢಿ. ಕದದ ತಿರುಗಣಿಗೆ ಸಲ್ಲುವ ಈ ಉಪಾಯ ಕಾರಿನ ಕಿಟಕಿಗೆ ಸಲ್ಲದು. ಎಂಜಿನ್ ಆಯಿಲ್, ಗ್ರೀಸ್, ಕೊಬ್ಬರಿ ಎಣ್ಣೆಗಳು ಚಾನಲ್‌ಗೆ ತಾಗಿದರೆ ಒಂದೆರಡು ದಿನ ಸದ್ದು ನಿಂತೀತು. ಆಮೇಲೆ ಅದೇ ಎಣ್ಣೆ ರಸ್ತೆಯ ಧೂಳನ್ನು ಹಿಡಿದಿಟ್ಟುಕೊಂಡು ಮರಳುಕಾಗದದಂತೆ ಗಾಜನ್ನು ಉಜ್ಜತೊಡಗುತ್ತದೆ. ಮೇಲಾಗಿ ಕಾರಿನ ಪಟ್ಟಿಗಳಿಗೆ ಬಳಸುವ ರಬ್ಬರ್ ಪೆಟ್ರೋಲಿಯಂ ಎಣ್ಣೆ ತಗುಲಿದರೆ ಉಬ್ಬಿ ಮೆದುವಾಗುತ್ತದೆ. ಸರಿಯಾದ ಕ್ರಮ ಸರಳ. ಗಾಜು ಪೂರ್ತಿ ಇಳಿಸಿ, ತೆಳುವಾದ ಪಟ್ಟಿಗೆ ಒದ್ದೆಬಟ್ಟೆ ಸುತ್ತಿ ಚಾನಲ್‌ಗಳ ಒಳಗನ್ನು ಕೆಸರು ಬರುವುದು ನಿಲ್ಲುವ ತನಕ ಒರೆಸಬೇಕು. ಚೆನ್ನಾಗಿ ಒಣಗಿದ ಮೇಲೆ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಸಿಂಪಡಿಸಿಕೊಂಡು ತೆಳುವಾಗಿ ಸವರಿ, ಗಾಜನ್ನು ನಾಲ್ಕೈದು ಸಲ ಏರಿಳಿಸಬೇಕು. ‘ಮೆಷಿನ್ ಹೋಗಿದೆ’ ಎನಿಸಿಕೊಂಡ ಎಷ್ಟೋ ಕಿಟಕಿಗಳು ಇಷ್ಟಕ್ಕೇ ಸರಿಹೋಗುತ್ತವೆ.

ಈ ಸ್ಪ್ರೇ ಗುಂಡಿಗಳ ಹತ್ತಿರ ಸುಳಿಯಬಾರದು ಎಂಬುದು ಅಷ್ಟೇ ಮುಖ್ಯ. 2012ರ ಅಕ್ಟೋಬರ್‌ನಲ್ಲಿ ಟೊಯೊಟಾ ಕಂಪನಿ ಜಗತ್ತಿನಾದ್ಯಂತ ಸುಮಾರು 74 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಚಾಲಕನ ಬಾಗಿಲಿನ ಕಿಟಕಿ ಗುಂಡಿಯ ಸಲುವಾಗಿ. ತಯಾರಿಕೆಯಲ್ಲಿ ಗ್ರೀಸ್ ಒಂದೇ ಸಮನಾಗಿ ಬೀಳದೆ ಗುಂಡಿ ತಡೆತಡೆದು ಚಲಿಸುತ್ತಿತ್ತು. ಅದನ್ನು ಸರಿಪಡಿಸಲೆಂದು ಪೇಟೆಯ ಎಣ್ಣೆಯನ್ನು ಅದರೊಳಗೆ ಹಾಕಿದರೆ ಗುಂಡಿ ಕರಗಿ ಹೊಗೆಯೇಳುವ, ಬೆಂಕಿ ಹತ್ತುವ ಅಪಾಯವಿದೆ ಎಂದು ಕಂಪನಿಯೇ ಎಚ್ಚರಿಸಿತ್ತು. ಅದೇ ಭಾಗಕ್ಕೆ ಸಂಬಂಧಿಸಿದಂತೆ 2015ರಲ್ಲಿ ಮತ್ತೆ ಸುಮಾರು 65 ಲಕ್ಷ ವಾಹನಗಳ ಸರದಿ ಬಂತು. ಇದಕ್ಕೂ ಮೊದಲು 2010ರ ಜನವರಿಯಲ್ಲಿ ಹೋಂಡಾ ಕಂಪನಿ ಜಾಝ್, ಸಿಟಿ ಮೊದಲಾದ ಆರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಯಿತು. ಕಿಟಕಿಯಿಂದ ಒಳಬರುವ ನೀರು ಗುಂಡಿಫಲಕಕ್ಕೆ ಇಳಿದು ಅದು ಕಾದು ಉರಿಯಬಹುದು ಎಂಬುದು ಕಾರಣ. ಅವುಗಳಲ್ಲಿ ಭಾರತದ ಎಂಟು ಸಾವಿರಕ್ಕೂ ಹೆಚ್ಚು ಸಿಟಿ ಕಾರುಗಳೂ ಇದ್ದವು. ಜಡಿಮಳೆಯಲ್ಲಿ ಗಾಜು ತೆರೆದಿಟ್ಟು ಮರೆತವರು, ಗುಂಡಿಯ ಮೇಲೆ ಕಾಫಿ ಚೆಲ್ಲಿಕೊಂಡವರು ಅದನ್ನು ಒಣಗಿಸಿ, ಪರೀಕ್ಷಿಸಿಯೇ ಬಳಸುವುದು ಕ್ಷೇಮ. ಗುಂಡಿ ಅಂಟಿಕೊಂಡಂತಾದರೆ, ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ತಡಮಾಡುವಂತಿಲ್ಲ.

ಬಾಗಿಲು ಬಿಚ್ಚಿಸುವಾಗ

ಡೋರ್ ಪ್ಯಾಡ್ ತೆಗೆದೊಡನೆ ಬಾಗಿಲಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದು ಕಾಣುತ್ತದೆ. ಕಸವೆಂದು ಭಾವಿಸಿ ಇದನ್ನು ಹರಿದೆಸೆಯುವ ಕೈಗಳು ಕಡಿಮೆಯಲ್ಲ. ಬಾಗಿಲೊಳಗೆ ಇಳಿದ ಮಳೆನೀರು ಪ್ರಯಾಣಿಕರ ಕಡೆಗೆ ಬಾರದಂತೆ ತಡೆಯುವುದು ಈ ಹಾಳೆಯೇ. ಅದು ಹರಿದ ಕಾರಿನಲ್ಲಿ ಮುಂದಿನ ಮಳೆಗಾಲಕ್ಕೆ ಕಾಲಡಿಯ ಹಾಸು ಒದ್ದೆಯಾಗುತ್ತದೆ. ಅರ್ಧಂಬರ್ಧ ಅಂಟಿದ ಹಾಳೆ ಗಾಳಿಗೆ ಪಟಪಟ ಎಂದು ಹೊಸ ಸದ್ದನ್ನೂ ಹುಟ್ಟಿಸುತ್ತದೆ. ಪಕ್ಕದ ಡಿಕ್ಕಿಯನ್ನು ಅರಿಯಲು ಬಾಗಿಲೊಳಗೇ ಗಾಳಿಯೊತ್ತಡದ ಸಂವೇದಕ ಇರಿಸಿರುವ ಕಾರುಗಳಲ್ಲಂತೂ ಈ ಮುಚ್ಚಳಿಕೆ ಏರ್‌ಬ್ಯಾಗಿನ ಕೆಲಸಕ್ಕೂ ಸಂಬಂಧಿಸಿದ್ದು. ಅಂಥ ಕಾರಿನ ಬಾಗಿಲನ್ನು ಬ್ಯಾಟರಿ ಕಳಚದೆ ಬಿಚ್ಚುವುದು ತರವಲ್ಲ.

ಬ್ಯಾಟರಿ ಕಳಚಿ ಜೋಡಿಸಿದ ಮೇಲೆ, ಒಂದೇ ಒತ್ತಿಗೆ ಪೂರ್ತಿ ಏರುವ ‘ಆಟೋ’ ಕಿಟಕಿ ಅರ್ಧಕ್ಕೆ ನಿಲ್ಲುವುದು, ಏರಿ ಮತ್ತೆ ತಾನಾಗಿ ಇಳಿಯುವುದು ಉಂಟು. ಇದು ಕೆಟ್ಟದ್ದಲ್ಲ, ತನ್ನ ಎಲ್ಲೆಯನ್ನು ಮರೆತದ್ದು. ಬಹಳಷ್ಟು ಕಾರುಗಳಲ್ಲಿ ಗಾಜನ್ನು ಪೂರ್ತಿ ಇಳಿಸಿ, ಬಳಿಕ ಪೂರ್ತಿ ಏರಿಸಿ, ಮುಚ್ಚಿದ ಮೇಲೂ ಕೆಲವು ಸೆಕೆಂಡು ಗುಂಡಿಯನ್ನು ಹಿಡಿದೇ ಇದ್ದರೆ ಅದು ನೆನಪು ಮಾಡಿಕೊಳ್ಳುತ್ತದೆ. ನಿಖರ ಕ್ರಮ ಆಯಾ ಕಾರಿನ ಕೈಪಿಡಿಯಲ್ಲಿದೆ.

ಮಕ್ಕಳ ಕೈ, ಮಳೆಯ ನೀರು

ಏರುತ್ತಿರುವ ಗಾಜಿಗೆ ತಡೆ ಸಿಕ್ಕರೆ ಅದು ತಾನಾಗಿ ಇಳಿಯುವ ಏರ್ಪಾಡಿಗೆ ‘ಆ್ಯಂಟಿ ಪಿಂಚ್’ ಎಂದು ಹೆಸರು. ಮೋಟಾರಿನ ವೇಗ ತಗ್ಗಿದ್ದನ್ನು ಗ್ರಹಿಸಿ ಇದು ಎಚ್ಚೆತ್ತುಕೊಳ್ಳುತ್ತದೆ. ಗಾಜಿಗೂ ಚೌಕಟ್ಟಿಗೂ ನಡುವಿನ ತೆರವು 200 ಮಿಲಿಮೀಟರಿನಿಂದ 4 ಮಿಲಿಮೀಟರಿಗೆ ಇಳಿಯುವ ತನಕ ಒತ್ತುವ ಬಲ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ಭಾರವನ್ನು ಮೀರಕೂಡದು ಎಂದು ಯುರೋಪಿನ ನಿಯಮ ಹೇಳುತ್ತದೆ. ಹತ್ತು ಕಿಲೋ ಕೂಡ ಮಗುವಿನ ಬೆರಳಿಗೆ ಕಡಿಮೆಯದಲ್ಲ. ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿ ಈ ರಕ್ಷಣೆ ಇರುವುದು ಚಾಲಕನ ಕಿಟಕಿಗೆ ಮಾತ್ರ. ಮಕ್ಕಳು ಕೂರುವ ಹಿಂದಿನ ಕಿಟಕಿಗಳು ಕೈ, ಕೊರಳು ಯಾವುದನ್ನೂ ಗುರುತಿಸದೆ ಏರುತ್ತವೆ. ಕಿಟಕಿಯಿಂದ ತಲೆ ಹೊರಹಾಕಿದ ಮಗು ಮಂಡಿಯಿಂದ ಗುಂಡಿ ಒತ್ತಿಕೊಂಡು ಕುತ್ತಿಗೆ ಸಿಲುಕಿಸಿಕೊಂಡ ದುರಂತಗಳು ಅಮೆರಿಕದಲ್ಲಿ ನಡೆದವು. ಆ ಬಳಿಕ ಅಲ್ಲಿನ ಸರ್ಕಾರ 2004ರಲ್ಲಿ, ಮೈತಾಗಿದ ಮಾತ್ರಕ್ಕೆ ಗಾಜು ಏರದಂಥ ಗುಂಡಿಗಳಿಗಾಗಿ ನಿಯಮ ರೂಪಿಸಿತು. ಒತ್ತಿದರೆ ಇಳಿಯುವ, ಬೆರಳಿನಿಂದ ಮೇಲಕ್ಕೆ ಎಳೆದರಷ್ಟೇ ಏರುವ ಗುಂಡಿಗಳು ಈಗ ಎಲ್ಲೆಡೆ ಕಾಣುವುದರ ಹಿಂದೆ ಇಂಥ ಕಾಳಜಿಯಿದೆ. ಮಕ್ಕಳಿರುವಾಗ ಲಾಕ್ ಗುಂಡಿ ಒತ್ತಿಡುವುದು, ಪೆಟ್ರೋಲ್ ಬಂಕಿನಲ್ಲಿ ಎರಡು ನಿಮಿಷ ಇಳಿದರೂ ಕೀಲಿ ಜೊತೆಗೊಯ್ಯುವುದು ತಂದೆತಾಯಿಗಳ ಕೈಯಲ್ಲೇ ಇರುವ ರಕ್ಷಣೆ. ಒಣಗಿದ ಚಾನಲ್‌ನ ತಡೆಯನ್ನೇ ಅಡಚಣೆಯೆಂದು ಬಗೆದು ಆ್ಯಂಟಿ ಪಿಂಚ್ ಕಿಟಕಿ ಮತ್ತೆ ಮತ್ತೆ ಇಳಿಯುತ್ತಿದ್ದರೆ, ಅದನ್ನು ನಿಷ್ಕ್ರಿಯಗೊಳಿಸಿ ಎಂದು ಕೇಳುವ ಮಾಲೀಕರೂ ಇದ್ದಾರೆ. ಒರೆಸಬೇಕಾದುದು ರಬ್ಬರನ್ನು.

ಇನ್ನು ನೀರು. 2023ರ ಮೇ 21ರಂದು ಸುರಿದ ಮಳೆಗೆ ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರೊಂದು ಮುಳುಗಿ ಯುವತಿಯೊಬ್ಬರು ಮೃತಪಟ್ಟದ್ದು ರಾಜ್ಯದ ಜನರ ನೆನಪಿನಲ್ಲಿದೆ. ನೀರಿಗೆ ಸಿಕ್ಕ ಕಾರಿನ ಬಾಗಿಲನ್ನು ಹೊರಗಿನ ಒತ್ತಡ ತೆರೆಯಗೊಡುವುದಿಲ್ಲ. ಉಳಿಯುವ ದಾರಿ ಕಿಟಕಿಯೊಂದೇ. ಪವರ್ ವಿಂಡೋ ನೀರು ತಾಗಿದ ಕ್ಷಣವೇ ನಿಂತುಹೋಗುವುದಿಲ್ಲ. ಮೊದಲ ಕೆಲವು ಕ್ಷಣ ಅದು ಕೆಲಸ ಮಾಡುವ ಸಂಭವ ಹೆಚ್ಚು. ಆದರೆ ನೀರು ಗಾಜಿನ ಮಟ್ಟಕ್ಕೆ ಏರಿದರೆ ಅದರ ಒತ್ತಡಕ್ಕೆ ಗಾಜು ಚಾನಲ್‌ಗೆ ಕಚ್ಚಿಕೊಂಡು ಇಳಿಯಲಾರದೆ ಹೋಗುತ್ತದೆ. ಆದುದರಿಂದ ಮೊದಲ ಕೆಲಸ ಸೀಟ್ ಬೆಲ್ಟ್ ಬಿಚ್ಚಿ ಗಾಜು ಇಳಿಸುವುದು. ಫೋನ್ ಮಾಡುವುದು ಆಮೇಲೆ. ಗಾಜು ಇಳಿಯದಿದ್ದರೆ ಪಕ್ಕದ ಕಿಟಕಿಯ ಮೂಲೆಗೆ ಚೂಪಾದ ಉಕ್ಕಿನ ಮೊನೆಯಿಂದ ಹೊಡೆಯಬೇಕು. ಹದಗೊಳಿಸಿದ ಈ ಗಾಜು ಹರಳುಹರಳಾಗಿ ಉದುರುತ್ತದೆ. ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುವಂಥದು, ಅದನ್ನು ಒಡೆಯಲೆತ್ನಿಸುವುದು ವ್ಯರ್ಥ. ಸದ್ದು ತಗ್ಗಿಸಲೆಂದು ಕೆಲವು ದುಬಾರಿ ಕಾರುಗಳ ಪಕ್ಕದ ಕಿಟಕಿಗೂ ಈಗ ಅಂಥದೇ ಪದರದ ಗಾಜು ಬರುತ್ತಿದೆ. ಗಾಜಿನ ಮೂಲೆಯಲ್ಲಿ ಮುದ್ರಿಸಿದ ಗುರುತನ್ನು ನೋಡಿ ಅಥವಾ ಕೈಪಿಡಿ ತಿರುವಿ, ತಮ್ಮ ಕಾರಿನದು ಯಾವ ಬಗೆಯದೆಂದು ಮೊದಲೇ ತಿಳಿದಿಟ್ಟುಕೊಳ್ಳಬಹುದು. ಗಾಜೊಡೆಯುವ ಸಣ್ಣ ಸುತ್ತಿಗೆಯನ್ನು ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ, ಅದು ಚಾಲಕನ ಕೈಗೆಟುಕುವಲ್ಲಿರಬೇಕು.